ಅಬುಧಾಬಿಯಲ್ಲಿ ಮೊಳೆ ಜೋಡಿಸುವವನ ಮಗ

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಹಿಂದೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಮೊಮ್ಮಗಳನ್ನು ನೋಡಲು. ಈ ಫೆಬ್ರವರಿಯಲ್ಲಿ ಹೊರಟದ್ದು ಮಾತ್ರ ಒಬ್ಬ ಜರ್ಮನ್ ಮುದುಕರನ್ನು ನೋಡಲಿಕ್ಕೆ. ಕೆಂಜಾರಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ಮಗಳ ಮನೆಗೆ ಎಂದೆ. ಅದೂ ಸುಳ್ಳಲ್ಲ. ನಿಜವಾದ ಕಾರಣ ಹೇಳಲು ಹೊರಟಿದ್ದರೆ ನನ್ನ ಹಿಂದಿದ್ದವರಿಗೆಲ್ಲ ವಿಮಾನ ತಪ್ಪುತ್ತಿತ್ತು.

ಆ ಕಾರಣವನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಅಚ್ಚುಕೂಟದ ಮನುಷ್ಯ. ಹತ್ತೊಂಬತ್ತನೆಯ ವಯಸ್ಸಿಗೆ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಸೀಸದ ಒಂದೊಂದೇ ಅಕ್ಷರವನ್ನು ಖಾನೆಯಿಂದ ಹೆಕ್ಕಿ, ಸಾಲು ಮಾಡಿ, ಪುಟ ಕಟ್ಟುವ ಕೆಲಸ ಅದು. ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಧಣಿಗಳು ಜರ್ಮನಿಯಿಂದ ಆಫ್‌ಸೆಟ್ ಯಂತ್ರ ತರಿಸಿದರು. ಯಂತ್ರ ಬಂದರೆ ಮೊಳೆ ಬೇಡ. ಮೊಳೆ ಬೇಡವಾದರೆ ನಾವು ಬೇಡ. ಹನ್ನೊಂದು ಜನ ಇದ್ದೆವು, ಹೆಚ್ಚಿನವರು ಮಕ್ಕಳೊಂದಿಗರು. ನಮ್ಮ ಸಣ್ಣ ಯೂನಿಯನ್ನು ಒಂದು ಹೋಟೆಲಿನ ಉಪ್ಪರಿಗೆಯಲ್ಲಿ ಸಭೆ ಸೇರಿ, ಯಂತ್ರದ ಪೆಟ್ಟಿಗೆ ಒಡೆಯಲು ಬಿಡುವುದಿಲ್ಲ ಎಂದು ತೀರ್ಮಾನಿಸಿತು.

ಯಂತ್ರ ಕೂರಿಸಲು ಬಂದ ಜರ್ಮನ್ ಮೆಕ್ಯಾನಿಕ್ಕಿನ ಹೆಸರು ಓಟ್ಟೋ. ಆ ಸಭೆಗೆ ಅವರು ಕರೆಯದೆಯೇ ಬಂದರು, ಮೂಲೆಯ ಬೆಂಚಿನಲ್ಲಿ ಕುಳಿತು ಚಾ ಕುಡಿದರು. ಕೊನೆಗೆ ಎದ್ದು ನಿಂತು, ನಮಗೆ ಅರ್ಥವಾಗುವಷ್ಟು ಸರಳ ಇಂಗ್ಲಿಷಿನಲ್ಲಿ, ತನ್ನ ತಂದೆಯೂ ಮೊಳೆ ಜೋಡಿಸುವವರೇ, ಊರಿನ ಮುದ್ರಣ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿದ್ದರು ಎಂದರು. ಆ ಸಂಘವನ್ನು ನಾಜಿಗಳು ಒಂದೇ ಬೆಳಗಿನಲ್ಲಿ ಇಲ್ಲವಾಗಿಸಿದರು ಎಂದೂ ಹೇಳಿದರು. "ಯಂತ್ರವನ್ನು ನಾನು ವಾಪಸು ತೆಗೆದುಕೊಂಡು ಹೋಗಲಾರೆ. ಆದರೆ ಅದರ ಪಕ್ಕದಲ್ಲಿ ಯಾರು ನಿಲ್ಲಬೇಕು ಅಂತ ಪೆಟ್ಟಿಗೆಯ ಮೇಲೆ ಬರೆದಿಲ್ಲ" ಎಂದರು.

ಮರುದಿನ ಅವರು ಧಣಿಗಳ ಹತ್ತಿರ, ಮೊಳೆಮನೆಯ ಜನರಿಗೆ ಕಲಿಸದೆ ಯಂತ್ರವನ್ನು ಒಪ್ಪಿಸಿ ಹೋಗುವುದಿಲ್ಲ ಎಂದರಂತೆ. ಧಣಿಗಳು ಗೊಣಗಿದರು, ಆಮೇಲೆ ಒಪ್ಪಿದರು. ಓಟ್ಟೋ ಮೂರು ತಿಂಗಳು ನಿಂತರು. ಪ್ಲೇಟು ಮಾಡುವುದು, ಶಾಯಿ ಮತ್ತು ನೀರಿನ ಹದ ನೋಡುವುದು, ರೋಲರಿನ ಸದ್ದು ಕೇಳಿಯೇ ತೊಂದರೆ ಹಿಡಿಯುವುದು, ಎಲ್ಲವನ್ನೂ ಕೈಹಿಡಿದು ಕಲಿಸಿದರು. ಯಾರೊಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಅವರು ಊರಿಗೆ ಹೊರಟ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ಹೀಗಾಗಿ ಒಂದು ಕೃತಜ್ಞತೆಯ ಮಾತು ಹೇಳಲೂ ಆಗಲಿಲ್ಲ.

ಅಂದು ಹುಟ್ಟಿದ ಮಗಳು ಪ್ರತಿಭಾ ಈಗ ದುಬೈಯ ಊದ್ ಮೇಥಾದಲ್ಲಿದ್ದಾಳೆ, ಒಂದು ಕಂಪೆನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಅವಳ ಗೆಳತಿ ಐರಿನ್ ಬಜ್ಪೆ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಸೊಂಟದ ಮೂಳೆ ಮುರಿದು ಬಂದಿದ್ದ ಒಬ್ಬ ಜರ್ಮನ್ ಅಜ್ಜ, ಐರಿನ್ ಮಂಗಳೂರಿನವಳೆಂದು ಕೇಳಿದ್ದೇ ತಡ, ಬಂಗುಡೆ ಮೀನಿನ ಸಾರಿನ ರುಚಿ ಹೇಳಿದರಂತೆ, ನಮ್ಮ ಪ್ರೆಸ್ಸಿನ ಹೆಸರನ್ನೂ ಹೇಳಿದರಂತೆ. ಐರಿನ್ ಪ್ರತಿಭಾಳಿಗೆ ಹೇಳಿದಳು, ಪ್ರತಿಭಾ ನನಗೆ ಫೋನು ಮಾಡಿದಳು. ಅಜ್ಜ ಮಾರ್ಚಿನಲ್ಲಿ ಜರ್ಮನಿಗೆ ಹಿಂತಿರುಗುವವರು, ಮತ್ತೆ ಬರುವ ಹಾಗೆ ಕಾಣುವುದಿಲ್ಲ ಎಂದಳು. ಆ ವಾರವೇ ಟಿಕೇಟು ಮಾಡಿಸಿದೆ.

ದುಬೈಯಲ್ಲಿ ಇಳಿದಾಗ ಹಿತವಾದ ಚಳಿ ಇತ್ತು. ಅಳಿಯ ಹರೀಶ ಕಾರು ತಂದಿದ್ದ. ಊದ್ ಮೇಥಾದ ಅವರ ಫ್ಲ್ಯಾಟಿನ ಕಿಟಕಿಯಿಂದ ಶಾಲೆಯ ಬಸ್ಸುಗಳ ಸಾಲು ಕಾಣುತ್ತದೆ. ಮೊಮ್ಮಗಳು ಶ್ರಾವ್ಯಾಳಿಗೆ ಹದಿಮೂರು. ನಾನು ತುಳುವಿನಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಅದು ರೂಢಿಯಾಗಿದೆ. ಮರುದಿನ ಹರೀಶ ಮೀನು ಮಾರುಕಟ್ಟೆಯಿಂದ ಒಳ್ಳೆಯ ಬಂಗುಡೆ ತಂದ. ಪ್ರತಿಭಾ ಹುಳಿ ಖಾರದ ಸಾರು, ನಮ್ಮ ಪುಳಿಮುಂಚಿ ಮಾಡಿ, ಕುಚ್ಚಲಕ್ಕಿ ಅನ್ನದ ಜೊತೆ ಸ್ಟೀಲಿನ ಕ್ಯಾರಿಯರಿಗೆ ತುಂಬಿಸಿ, ಮುಚ್ಚಳದ ಸುತ್ತ ಪ್ಲಾಸ್ಟಿಕ್ ಬಿಗಿದಳು. "ಬಸ್ಸಲ್ಲಿ ಚೆಲ್ಲಿದ್ರೆ ನಿಮ್ಮನ್ನು ದಾರಿಯಲ್ಲೇ ಇಳಿಸ್ತಾರೆ ಅಪ್ಪ" ಎಂದಳು.

ಹರೀಶ ರಜೆ ಹಾಕಿ ಕಾರಿನಲ್ಲೇ ಬಿಡುತ್ತೇನೆ ಎಂದ. ನಾನು ಬೇಡವೆಂದೆ. ಬಸ್ಸಿನಲ್ಲಿ ಹೋದರೆ ಊರು ಕಾಣುತ್ತದೆ. ಬೆಳಿಗ್ಗೆ ಊದ್ ಮೇಥಾದಿಂದ ಮೆಟ್ರೋ ಹಿಡಿದು ಅಲ್ ಗುಬೈಬಾದಲ್ಲಿ ಇಳಿದೆ. ಅಲ್ಲಿಂದ ಅಬುಧಾಬಿಗೆ ಬಸ್ಸು, ಇಪ್ಪತ್ತೈದು ದಿರ್ಹಮ್ ಟಿಕೇಟು, ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ಹೆದ್ದಾರಿಯ ಮೇಲೆ ಮಂಜು ದಟ್ಟವಾಗಿತ್ತು. ಮರಳುಗಾಡಿನಲ್ಲಿ ಇಷ್ಟು ಮಂಜೇ ಎಂದು ನನಗೆ ಆಶ್ಚರ್ಯ. ಪಕ್ಕದಲ್ಲಿ ಕುಳಿತಿದ್ದ ಮಲಯಾಳಿ ಯುವಕ ಮಾತ್ರ, ಚಳಿಗಾಲದಲ್ಲಿ ಇದು ಮಾಮೂಲು ಎಂದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಅಯಲ ಅಲ್ಲವೇ?" ಎಂದು ನನ್ನ ಕ್ಯಾರಿಯರನ್ನು ನೋಡಿದ. ಬಂಗುಡೆಗೆ ಅವರ ಭಾಷೆಯ ಹೆಸರು. ಪ್ಲಾಸ್ಟಿಕ್ ಬಿಗಿದರೂ ವಾಸನೆ ತನ್ನ ದಾರಿ ಹಿಡಿದಿತ್ತು. ಹೌದೆಂದೆ. ಅವನು ನಿಟ್ಟುಸಿರು ಬಿಟ್ಟು ಮತ್ತೆ ಕಣ್ಣು ಮುಚ್ಚಿದ.

ಬಸ್ ನಿಲ್ದಾಣದಲ್ಲಿ ಐರಿನ್ ಕಾಯುತ್ತಿದ್ದಳು. ಅವಳಿಗೆ ಅಂದು ಡ್ಯೂಟಿ ಆಫ್. ಟ್ಯಾಕ್ಸಿಯಲ್ಲಿ ಖಾಲಿದಿಯಾ ಕಡೆಗೆ ಹೋಗುವಾಗ, "ಅಂಕಲ್, ನೀವು ಬರ್ತೀರಿ ಅಂತ ಹೇಳಿದ ಮೇಲೆ ಅವರು ಎಕ್ಸರ್‌ಸೈಸ್ ಸರಿ ಮಾಡ್ಲಿಕ್ಕೆ ಶುರು ಮಾಡಿದ್ದಾರೆ. ಮೊದಲು ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ" ಎಂದಳು. ಅಜ್ಜನ ಮಗಳು ಕಾತ್ರಿನ್ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರು, ಒಂಟಿ, ಒಳ್ಳೆಯ ಹೆಂಗಸು, ಮಾತು ಕಡಿಮೆ ಎಂದೂ ತಿಳಿಸಿದಳು.

ಒಂಬತ್ತನೆಯ ಮಹಡಿಯ ಬಾಗಿಲನ್ನು ಕಾತ್ರಿನ್ ತೆರೆದರು. ನಲವತ್ತೈದು ದಾಟಿದ, ಎತ್ತರದ, ಕನ್ನಡಕದ ಹೆಂಗಸು. ಅವರ ಹಿಂದೆ ವಾಕರ್ ಹಿಡಿದು ಓಟ್ಟೋ ನಿಂತಿದ್ದರು. ನನ್ನ ನೆನಪಿನ ಓಟ್ಟೋ ಬಾಗಿಲ ಚೌಕಟ್ಟು ತುಂಬುವ ಆಳು. ಈಗ ಅಂಗಿಯ ಭುಜ ಜೋತಿತ್ತು. ಅವರು ನನ್ನ ಮುಖ ನೋಡಿ ಗುರುತು ಹಿಡಿಯಲಿಲ್ಲ. ಕೈ ಚಾಚಿ ನನ್ನ ಬಲಗೈಯನ್ನು ಹಿಡಿದು, ಮೇಲೆ ಕೆಳಗೆ ತಿರುಗಿಸಿ ನೋಡಿದರು. ವರ್ಷಗಟ್ಟಲೆ ಮೊಳೆ ಹಿಡಿದ ಹೆಬ್ಬೆರಳು ಸ್ವಲ್ಪ ಚಪ್ಪಟೆಯಾಗಿರುತ್ತದೆ. ಅದನ್ನು ಒತ್ತಿ, "ಸಂಜೀವ" ಎಂದರು. ನಾನು ಅವರ ಮೊಣಕೈ ಹಿಡಿದು ಕುರ್ಚಿಯ ಕಡೆಗೆ ನಡೆಸುವಾಗ ಅವರು, "ಮೆಲ್ಲ, ಮೆಲ್ಲ" ಎಂದರು. ರೋಲರಿನ ಹತ್ತಿರ ಕೈ ಹಾಕುವಾಗ ನಾವು ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು ಅದು.

ಊಟಕ್ಕೆ ಪುಳಿಮುಂಚಿ ಬಿಸಿ ಮಾಡಿದೆವು. ಓಟ್ಟೋ ಚಮಚ ಬದಿಗಿಟ್ಟು ಕೈಯಲ್ಲಿ ಉಂಡರು. ಮುಳ್ಳು ಬಿಡಿಸುವುದನ್ನು ಮರೆತಿರಲಿಲ್ಲ. ಖಾರಕ್ಕೆ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಆದರೂ ಎರಡನೆಯ ಸಲ ಬಡಿಸಿಕೊಂಡರು. ಅಪ್ಪ ಹೀಗೆ ಉಣ್ಣುವುದನ್ನು ತಾನು ಕಂಡೇ ಇಲ್ಲ ಎಂದು ಕಾತ್ರಿನ್ ಐರಿನ್‌ಳ ಹತ್ತಿರ ಹೇಳಿದರು. ಓಟ್ಟೋ ನಮ್ಮ ಮೊಳೆಮನೆಯ ಬಳಗದ ಸುದ್ದಿ ಕೇಳಿದರು. ನಾನು ಒಬ್ಬೊಬ್ಬರದೂ ಹೇಳಿದೆ. ಯಾರಿಲ್ಲ, ಯಾರಿದ್ದಾರೆ, ಯಾರ ಮಗ ಸ್ವಂತ ಪ್ರೆಸ್ ಹಾಕಿದ್ದಾನೆ. ಕಣ್ಣು ಮಂದವಾಗಿದ್ದ ಬಾಬಣ್ಣನನ್ನು ಅವರಿಗೆ ಚೆನ್ನಾಗಿ ನೆನಪಿತ್ತು. ಬಾಬಣ್ಣ ಯಂತ್ರದ ಸದ್ದಿನಿಂದಲೇ ಕೆಲಸ ಕಲಿತು, ನಿವೃತ್ತಿಯವರೆಗೂ ದುಡಿದು, ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಎಂದೆ. ಓಟ್ಟೋ ಮೇಜಿನ ಮೇಲೆ ಅಂಗೈಯಿಂದ ಮೆತ್ತಗೆ ತಟ್ಟಿದರು.

ಊಟವಾದ ಮೇಲೆ ನಾನು ಎದ್ದು ನಿಂತೆ. ಮಂಗಳೂರಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಹೇಳಿದೆ. ಅವರು ನಮ್ಮ ಪರವಾಗಿ ನಿಂತದ್ದರಿಂದ ನಾವೆಲ್ಲ ಉಂಡೆವು, ಮಕ್ಕಳನ್ನು ಓದಿಸಿದೆವು, ಇದನ್ನು ಹೇಳಲಿಕ್ಕೆಂದೇ ಬಂದೆ ಎಂದೆ.

ಓಟ್ಟೋ ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ಎರಡು ಕಟ್ಟಡಗಳ ನಡುವೆ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಆಮೇಲೆ ಮಗಳನ್ನು ಕರೆದು ಎದುರು ಕೂರಿಸಿಕೊಂಡರು. "ಈತ ಇಷ್ಟು ದೂರದಿಂದ ಧನ್ಯವಾದ ಹೊತ್ತು ತಂದಿದ್ದಾನೆ. ಅದನ್ನು ನಾನೊಬ್ಬನೇ ಇಟ್ಟುಕೊಂಡರೆ ಸುಳ್ಳಾಗುತ್ತದೆ. ಇವನಿಗೆ ಹೇಳಬೇಕು. ನೀನೂ ಕೇಳಬೇಕು, ಕಾತ್ರಿನ್" ಎಂದರು. ಐರಿನ್ ಏಳಲು ಹೋದಳು; ಕುಳಿತಿರು ಎಂದು ಸನ್ನೆ ಮಾಡಿದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಇಂಗ್ಲಿಷ್ ಸಿಗದ ಕಡೆ ಅವರು ಜರ್ಮನ್ನಿಗೆ ಹೊರಳುತ್ತಿದ್ದರು, ಕಾತ್ರಿನ್ ಅದನ್ನು ನಮಗಾಗಿ ಇಂಗ್ಲಿಷಿಗೆ ತರುತ್ತಿದ್ದರು.

ಓಟ್ಟೋ ಅವರ ತಂದೆ ವಿಲ್ಹೆಲ್ಮ್ ನದೀತೀರದ ಒಂದು ಸಣ್ಣ ಪಟ್ಟಣದಲ್ಲಿ ಮೊಳೆ ಜೋಡಿಸುತ್ತಿದ್ದರು. ಮೂವತ್ತು ತುಂಬುವ ಮೊದಲೇ ಸಂಘದ ಕಾರ್ಯದರ್ಶಿ. ಕೆಲಸ ಹೋದವರಿಗೆ ಸಂಘದಿಂದ ಭತ್ಯೆ ಕೊಡಿಸುವುದು, ಸತ್ತವರ ಹೆಂಡಂದಿರಿಗೆ ನೆರವು ಮುಟ್ಟಿಸುವುದು, ಧಣಿಗಳ ಜೊತೆ ಸಂಬಳದ ಮಾತು ಆಡುವುದು, ಇದೇ ಅವರ ರಾಜಕೀಯ. ನಾಜಿಗಳು ಅಧಿಕಾರಕ್ಕೆ ಬಂದ ವರ್ಷ, ಮೇ ಒಂದನೆಯ ತಾರೀಕನ್ನು ಸಂಬಳಸಹಿತ ರಜೆಯೆಂದು ಸಾರಿದರು. ಕಾರ್ಮಿಕರು ಅದನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದರು. ಮೆರವಣಿಗೆಯಲ್ಲಿ ಸೇರಿಕೊಳ್ಳಿ, ಹಾಗಾದರೂ ಸಂಘ ಉಳಿದೀತು ಎಂದು ಮೇಲಿನ ಮುಖಂಡರಿಂದ ಸೂಚನೆ ಬಂತು. ವಿಲ್ಹೆಲ್ಮ್ ಮನಸ್ಸಿಲ್ಲದೆ ಹೋದರು, ನಾಜಿ ಬಾವುಟಗಳ ಹಿಂದೆ ಊರು ಸುತ್ತಿ ಬಂದರು. ಮರುದಿನ ಬೆಳಿಗ್ಗೆ ಸಂಘದ ಕಚೇರಿಗೆ ಹೋದರೆ ಬಾಗಿಲಲ್ಲಿ ನಾಜಿ ಪಡೆಯ ಕಂದು ಸಮವಸ್ತ್ರದವರು ನಿಂತಿದ್ದರು. ದೇಶದ ಎಲ್ಲ ಸಂಘಗಳ ಕಚೇರಿಗಳಲ್ಲೂ ಅದೇ ಹೊತ್ತಿಗೆ ಅದೇ ಆಯಿತು. ಅವರನ್ನು ಅಲ್ಲಿಯೇ ಹಿಡಿದು, ಮುಚ್ಚಿಹೋದ ಒಂದು ಕಾರ್ಖಾನೆಯಲ್ಲಿ ಕೂಡಿಹಾಕಿದರು.

ಕೆಲವು ವಾರಗಳ ಬಳಿಕ ಬಿಟ್ಟರು. ಆದರೆ ಊರಿನ ಯಾವ ಅಚ್ಚುಕೂಟವೂ ಅವರನ್ನು ಒಳಗೆ ಸೇರಿಸಲಿಲ್ಲ. ಕೊನೆಗೆ ಸ್ಮಶಾನದಲ್ಲಿ ತೋಟಗಾರನ ಕೆಲಸ ಸಿಕ್ಕಿತು. ನಾಲ್ಕು ಜನ ಒಟ್ಟಿಗೆ ನಿಂತರೆ ಪೊಲೀಸರು ಕೇಳುತ್ತಿದ್ದ ಕಾಲದಲ್ಲಿ, ಶವಸಂಸ್ಕಾರಕ್ಕೆ ಸೇರಿದವರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಹಳೆಯ ಸಂಘದವರು ಗುರುತು ಪರಿಚಯವಿಲ್ಲದವರ ಸಾವಿಗೂ ಕಪ್ಪು ಕೋಟು ಹಾಕಿ ಬರತೊಡಗಿದರು. ಜೈಲಿನಲ್ಲಿದ್ದವರ ಮನೆಗೆ ಆಲೂಗಡ್ಡೆ, ಕಲ್ಲಿದ್ದಲು ಮುಟ್ಟಿಸುವ ಏರ್ಪಾಡು ಅಲ್ಲೇ, ಗೋರಿಗಳ ನಡುವೆ ಆಗುತ್ತಿತ್ತು. "ಊರಿನ ಪಾದ್ರಿಗೆ ಸಂತೋಷವೋ ಸಂತೋಷ. ಬಡ ಮುದುಕಿಯರ ಶವದ ಹಿಂದೆಯೂ ಅಷ್ಟು ಜನ" ಎಂದು ಓಟ್ಟೋ ಸ್ವಲ್ಪ ನಕ್ಕರು.

ಆ ಬಳಗದಲ್ಲಿ ಕಾರ್ಲ್ ಎಂಬ ಮುದ್ರಣಯಂತ್ರದ ಕೆಲಸಗಾರರಿದ್ದರು. ವಿಲ್ಹೆಲ್ಮ್ ಅವರ ಜೀವದ ಗೆಳೆಯ. ಅವರು ತಮ್ಮ ಯಂತ್ರದಲ್ಲಿ ಕದ್ದು ಸಣ್ಣ ಕರಪತ್ರಗಳನ್ನು ಅಚ್ಚು ಹಾಕುತ್ತಿದ್ದರು. ಒಂದು ದಿನ ಸಿಕ್ಕಿಬಿದ್ದರು.

ಇಲ್ಲಿಗೆ ಬಂದಾಗ ಕಾತ್ರಿನ್ ಇಂಗ್ಲಿಷಿಗೆ ತರುವುದನ್ನು ನಿಲ್ಲಿಸಿದರು. "ಕಾರ್ಲ್ ಅಜ್ಜನೇ?" ಎಂದರು. ಆಮೇಲೆ ನಮಗಾಗಿ, ಆ ಕಾರ್ಲ್ ತಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದವರು, ತನಗೆ ಸೈಕಲ್ ಕಲಿಸಿದವರು, ಹೆತ್ತವರು ಕೆಲಸಕ್ಕೆ ಹೋದಾಗ ಆಲೂಗಡ್ಡೆ ಬೇಯಿಸಿ ಬಡಿಸಿದವರು, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು ಎಂದು ವಿವರಿಸಿದರು. ಸ್ವಂತ ಅಜ್ಜ ವಿಲ್ಹೆಲ್ಮ್ ಅವರು ತಾನು ಹುಟ್ಟುವ ಮೊದಲೇ ಹೋಗಿದ್ದರಿಂದ ತನಗೆ ಅಜ್ಜನೆಂದರೆ ಕಾರ್ಲ್ ಎಂದರು.

"ಹೌದು, ಅವನೇ" ಎಂದರು ಓಟ್ಟೋ. "ಅವನನ್ನು ಹೊಡೆದರು. ನಿನ್ನ ಅಜ್ಜನ ಹೆಸರನ್ನು ಹೇಳಿದ್ದು ಅವನೇ."

ಐರಿನ್ ನನ್ನ ಕಡೆ ನೋಡಿದಳು. ಕಾತ್ರಿನ್ ಎದ್ದು ಒಳಗೆ ಹೋದರು. ನಲ್ಲಿಯಲ್ಲಿ ನೀರು ಹರಿಯುವ ಸದ್ದು ಕೇಳಿತು. ತೊಳೆಯಲು ಪಾತ್ರೆಗಳೇನೂ ಉಳಿದಿರಲಿಲ್ಲ. ಓಟ್ಟೋ ಕಾದರು. ಕಾತ್ರಿನ್ ಒದ್ದೆ ಕೈಯಲ್ಲೇ ಬಂದು ಅದೇ ಕುರ್ಚಿಯಲ್ಲಿ ಕುಳಿತು, ಮುಂದೆ ಹೇಳಿ ಎಂದರು.

ವಿಲ್ಹೆಲ್ಮ್ ಅವರನ್ನು ಸ್ಮಶಾನದಿಂದಲೇ ಹಿಡಿದೊಯ್ದರು. ಅವರ ಕೈಗೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು. ಮೊದಲು ಜೈಲು, ಶಿಕ್ಷೆ ಮುಗಿದ ಮೇಲೆ ಬಿಡುವ ಬದಲು ಯಾತನಾ ಶಿಬಿರ. ಯುದ್ಧ ಮುಗಿಯುವವರೆಗೂ ಹೊರಗಿನ ಲೋಕ ಕಾಣಲಿಲ್ಲ. ಚಳಿಗಾಲದಲ್ಲಿ ಕಲ್ಲುಗಣಿಯ ಕೆಲಸದಲ್ಲಿ ಬೆರಳ ತುದಿಗಳು ಸತ್ತುಹೋದವು. ಹೆಂಡತಿ ಮಾರ್ತಾ ಕಂಡವರ ಬಟ್ಟೆ ಒಗೆದು ಬದುಕಿ, ಕಾದಿದ್ದರು. ಯುದ್ಧ ಮುಗಿದ ಮರುವರ್ಷ ಓಟ್ಟೋ ಹುಟ್ಟಿದರು. ವಿಲ್ಹೆಲ್ಮ್ ಮತ್ತೆ ಅಚ್ಚುಕೂಟಕ್ಕೆ ಹೋಗಿ ಖಾನೆಯಲ್ಲಿ ಕೈಯಿಟ್ಟರು. ಮೊಳೆ ಬೆರಳಿಗೆ ತಾಗುತ್ತದೆ, ಗೊತ್ತಾಗುವುದಿಲ್ಲ. ಆ ಕೆಲಸ ಅವರಿಗೆ ಮತ್ತೆ ಬರಲಿಲ್ಲ. ಹೀಗೆ ಹೇಳುವಾಗ ಓಟ್ಟೋ ನನ್ನನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಅದರ ಅರ್ಥ ಬೆರಳಿನಿಂದ ತಿಳಿದವನು ನಾನೊಬ್ಬನೇ.

ಸಂಘವನ್ನು ಮತ್ತೆ ಕಟ್ಟಲು, ಕಿಟಕಿಗೆ ಗಾಜಿಲ್ಲದ ಒಂದು ಶಾಲೆಯ ಕೋಣೆಯಲ್ಲಿ ಜನ ಸೇರಿದರು. ಕಾರ್ಲ್ ಬಾಗಿಲಲ್ಲಿ ಬಂದು ನಿಂತರು. ಅವರನ್ನು ಒಳಗೆ ಬಿಡಕೂಡದು ಎಂದು ಹಲವರು ಕೂಗಾಡಿದರು. ಆಗ ವಿಲ್ಹೆಲ್ಮ್ ಎದ್ದು ಹೇಳಿದ ಮಾತು ಆ ಊರಿನ ಹಳಬರಿಗೆಲ್ಲ ನೆನಪಿತ್ತಂತೆ: "ನನ್ನನ್ನು ಹೊಡೆದವರು ಬೇಗ ದಣಿದರು. ಇವನನ್ನು ಹೊಡೆದವರು ದಣಿಯಲಿಲ್ಲ. ಇನ್ನೂ ಒಂದು ದಿನ ಹೊಡೆದಿದ್ದರೆ ನಾನು ನಿಮ್ಮಲ್ಲಿ ಯಾರ ಹೆಸರು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ. ಇವನ ಸದಸ್ಯತ್ವಕ್ಕೆ ನಾನು ಸೂಚಕ. ಅನುಮೋದಕರು ಯಾರಾದರೂ ಇದ್ದರೆ ಎದ್ದು ನಿಲ್ಲಿ."

ಸ್ವಲ್ಪ ಹೊತ್ತು ಯಾರೂ ಏಳಲಿಲ್ಲವಂತೆ. ಕೊನೆಗೆ ಎದ್ದದ್ದು ಗಂಡಸರಲ್ಲ, ಪುಸ್ತಕ ಹೊಲಿಯುವ ವಿಭಾಗದ ಒಬ್ಬ ವಿಧವೆ.

ಓಟ್ಟೋಗೆ ಹದಿನೈದಾದಾಗ ತಂದೆ ಅವರನ್ನು ಕೈಹಿಡಿದು ಕಾರ್ಲ್ ಹತ್ತಿರ ಕರೆದುಕೊಂಡು ಹೋಗಿ, ಇವನಿಗೆ ಯಂತ್ರ ಕಲಿಸು ಎಂದು ಬಿಟ್ಟರು. ಕಾರ್ಲ್ ಮೂರು ವರ್ಷ ಕಲಿಸಿದರು. ಕಲಿಕೆ ಮುಗಿದ ದಿನ ತಮ್ಮ ಸ್ವಂತ ಹತ್ಯಾರದ ಪೆಟ್ಟಿಗೆಯನ್ನು ಮುಂದಿಟ್ಟು, ಇದನ್ನು ಮುಟ್ಟುವ ಮೊದಲು ಕೇಳು ಎಂದು ನಡೆದದ್ದನ್ನೆಲ್ಲ ಹೇಳಿದರು. ಓಟ್ಟೋ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದು ತಂದೆಯ ಮೇಲೆ ಹರಿಹಾಯ್ದರು. ಅಂಥವನ ಹತ್ತಿರ ನನ್ನನ್ನು ಯಾಕೆ ಕಳಿಸಿದೆ ಎಂದು ಕೇಳಿದರು. ವಿಲ್ಹೆಲ್ಮ್, "ಅವನು ಮಾಡಿದ್ದು ತಿಳಿಯುವ ಮೊದಲು ಅವನು ಎಂಥ ಮನುಷ್ಯನೆಂದು ನಿನಗೆ ತಿಳಿಯಲಿ ಅಂತ" ಎಂದರಂತೆ. ಓಟ್ಟೋ ಒಂದು ವರ್ಷ ಕಾರ್ಲ್ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದರು.

"ಮಂಗಳೂರಿಗೆ ತಂದದ್ದು ಅದೇ ಪೆಟ್ಟಿಗೆ. ನಿನಗೆ ಕಲಿಸಿದ್ದು ಅವನು ನನಗೆ ಕಲಿಸಿದ್ದನ್ನು. ನಿಮ್ಮ ಸಭೆಗೆ ಬರಲು ಕಲಿಸಿದ್ದು ನನ್ನ ಅಪ್ಪ. ಈಗ ಹೇಳು, ಸಂಜೀವ, ನಿನ್ನ ಧನ್ಯವಾದ ಯಾರಿಗೆ?" ಎಂದರು ಓಟ್ಟೋ.

ಉತ್ತರ ಕೊಟ್ಟದ್ದು ಕಾತ್ರಿನ್, ಅದೂ ಬೇರೆ ಪ್ರಶ್ನೆಗೆ. ಅವರು ತಂದೆಯ ಹತ್ತಿರ ಇಂಗ್ಲಿಷಿನಲ್ಲೇ, ನಮಗೂ ತಿಳಿಯಲೆಂಬಂತೆ ಹೇಳಿದರು: "ಅವರ ಮೇಲೆ ಸಿಟ್ಟಾಗಲು ನಿಮಗೆ ಒಂದು ವರ್ಷ ಸಿಕ್ಕಿತು. ಆಮೇಲೆ ಹೋಗಿ ಮಾತಾಡಲು ಅವರು ಅಲ್ಲೇ ಇದ್ದರು. ನನಗೆ ನೀವು ಎರಡನ್ನೂ ಕೊಡಲಿಲ್ಲ, ಅಪ್ಪ."

ಓಟ್ಟೋ ತಲೆಯಾಡಿಸಿದರು. ಮಗು ಇನ್ನೂ ಚಿಕ್ಕದು, ಚಿಕ್ಕದು ಎಂದು ಮುಂದೂಡುತ್ತ ಬಂದೆ, ಅಷ್ಟರಲ್ಲಿ ಕಾರ್ಲ್ ಸತ್ತುಹೋದ, ಸತ್ತ ಮೇಲೆ ಹೇಳುವುದು ಅನ್ಯಾಯವೆನಿಸಿತು ಎಂದರು. ಸಮರ್ಥನೆಯ ದನಿ ಇರಲಿಲ್ಲ. ಐರಿನ್ ಎದ್ದು ಎಲ್ಲರಿಗೂ ಚಾ ಮಾಡಿದಳು. ಏಲಕ್ಕಿ ಹಾಕಿದ ಆ ಚಾವನ್ನು ನಾವು ನಾಲ್ವರೂ ಕೊನೆಯ ಗುಟುಕಿನವರೆಗೆ ಕುಡಿದೆವು.

ಆ ರಾತ್ರಿ ನಾನು ಮುಸಫ್ಫಾದಲ್ಲಿರುವ ಐರಿನ್‌ಳ ಮನೆಯಲ್ಲಿ ಉಳಿದೆ. ಅವಳ ಗಂಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು. ಇಡ್ಲಿಯಂಥ ಸನ್ನ ಮತ್ತು ಕೋಳಿ ಸಾರು ಮಾಡಿದ್ದ. ಊಟದ ಮೊದಲು ಅವರು ಕೊಂಕಣಿಯಲ್ಲಿ ಪ್ರಾರ್ಥನೆ ಮಾಡುವಾಗ ಐರಿನ್ ವಿಲ್ಹೆಲ್ಮ್ ಹೆಸರನ್ನೂ ಕಾರ್ಲ್ ಹೆಸರನ್ನೂ ಸೇರಿಸಿದ್ದು ನನ್ನ ಕಿವಿಗೆ ಬಿತ್ತು. "ನಾವು ಯಾರು ಅಂಕಲ್ ತೂಕ ಮಾಡ್ಲಿಕ್ಕೆ" ಎಂದಳು ಆಮೇಲೆ.

ಮರುದಿನ ಮಂಜಿರಲಿಲ್ಲ. ಕಾತ್ರಿನ್ ಕೆಲಸಕ್ಕೆ ರಜೆ ಹಾಕಿದ್ದರು. ಓಟ್ಟೋ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಸಮುದ್ರದಂಡೆಯ ಕಾರ್ನಿಶ್‌ಗೆ ಹೋದೆವು. ನೀರು ನಮ್ಮ ಪಣಂಬೂರು ಕಡಲಿನ ಹಾಗೆ ಅಬ್ಬರಿಸುವುದಲ್ಲ, ಕೆರೆಯ ಹಾಗೆ ತೆಪ್ಪಗೆ ಮಲಗಿತ್ತು. ಕುರ್ಚಿಯನ್ನು ಒಮ್ಮೆ ನಾನು, ಒಮ್ಮೆ ಕಾತ್ರಿನ್ ತಳ್ಳಿದೆವು. ಓಟ್ಟೋ ಬಿಸಿಲಿಗೆ ಮುಖ ಕೊಟ್ಟು ನಿದ್ದೆ ಹೋದಾಗ ಕಾತ್ರಿನ್ ನನ್ನ ಪಕ್ಕ ಬೆಂಚಿನ ಮೇಲೆ ಕುಳಿತರು. ನಿನ್ನೆ ನಿಮ್ಮ ಎದುರು ಹಾಗೆ ಮಾತಾಡಬಾರದಿತ್ತು ಎಂದರು. ನಾನು, ನಮ್ಮಲ್ಲೂ ಮಕ್ಕಳು ಹಾಗೆಯೇ ಮಾತಾಡುತ್ತಾರೆ, ಮಾತಾಡದಿದ್ದರೆ ಹೆದರಿಕೆಯಾಗುತ್ತದೆ ಎಂದೆ. ಅವರು ನಕ್ಕರು. ಆಮೇಲೆ, ಬೆಳಿಗ್ಗೆ ಎದ್ದು ಆಲೂಗಡ್ಡೆ ಸುಲಿಯುವಾಗ ಕೈ ತಾನಾಗಿ ಕಾರ್ಲ್ ಅಜ್ಜ ಕಲಿಸಿದ ಹಾಗೆಯೇ ಓಡಿತು, ಬೇರೆ ರೀತಿ ಸುಲಿಯಲು ನೋಡಿದೆ, ಬರಲಿಲ್ಲ ಎಂದರು. "ನೀವು ಬಾರದಿದ್ದರೆ ಅಪ್ಪ ಇದನ್ನು ತಮ್ಮ ಜೊತೆಗೇ ಒಯ್ಯುತ್ತಿದ್ದರು. ನನಗೆ ನೋವಾಗಿದೆ. ಆದರೂ ನೀವು ಬಂದದ್ದಕ್ಕೆ ನಾನು ಋಣಿ."

ಹೊರಡುವಾಗ ಓಟ್ಟೋ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆಂದು ಹಟ ಮಾಡಿದರು. ಕಾತ್ರಿನ್ ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ನಮ್ಮಲ್ಲಿ ದೊಡ್ಡವರಿಗೆ ಮಾಡುವ ಹಾಗೆ ಬಗ್ಗಿ ಅವರ ಕಾಲು ಮುಟ್ಟಿದೆ. ಅವರಿಗೆ ಅದು ಅರ್ಥವಾಯಿತೋ ಇಲ್ಲವೋ. ಅವರೂ ಬಗ್ಗಲು ಹೊರಟರು. ಇಬ್ಬರೂ ಸೇರಿ ತಡೆದೆವು. ಟ್ಯಾಕ್ಸಿಯಿಂದ ತಿರುಗಿ ನೋಡಿದಾಗ ಅಪ್ಪ ಮಗಳು ಇಬ್ಬರೂ ಸಮುದ್ರದ ಕಡೆ ಮುಖ ಮಾಡಿ ಮಾತಿಗೆ ತೊಡಗಿದ್ದರು.

ದುಬೈಗೆ ಹಿಂತಿರುಗಿದ ಮೇಲೆ ಒಂದು ಕೆಲಸ ಉಳಿದಿತ್ತು. ಊರಿನಲ್ಲಿ ನಮ್ಮ ನೆರೆಮನೆಯ ಹೆಂಗಸು ತಮ್ಮ ಮಗ ನಾಗೇಶನಿಗೆ ಕೊಡಲು ಅಕ್ಕಿಯ ಗರಿಗರಿ ಕೋರಿರೊಟ್ಟಿ, ಉಪ್ಪಿನಕಾಯಿ ಕಳಿಸಿದ್ದರು. ಅವನು ಕಟ್ಟಡಗಳಲ್ಲಿ ವಯರಿಂಗ್ ಕೆಲಸ ಮಾಡುತ್ತಾನೆ, ಮುಹೈಸ್ನಾದ ಕಾರ್ಮಿಕರ ವಸತಿಯಲ್ಲಿದ್ದಾನೆ. ಭಾನುವಾರ ಹರೀಶ ಕರೆದುಕೊಂಡು ಹೋದ. ಒಂದರ ಮೇಲೊಂದು ಮಂಚಗಳಿರುವ ಕೋಣೆ, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಬೂಟುಗಳು, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟುಗಳು. ನಾಗೇಶ ಅಲ್ಲಿನ ಗಟ್ಟಿ ಕರಕ್ ಚಾ ತರಿಸಿದ. ಅಬುಧಾಬಿಯಲ್ಲಿ ಎಂತ ವಿಶೇಷ ಎಂದು ಕೇಳಿದ. ಹೇಳತೊಡಗಿದವನು ಪೂರ್ತಿ ಹೇಳಿಬಿಟ್ಟೆ. ಮೇಲಿನ ಮಂಚದ ಬಿಹಾರದವರಿಗಾಗಿ ನಾಗೇಶ ಹಿಂದಿಗೆ ತಿರುಗಿಸುತ್ತಿದ್ದ.

ಮುಗಿದ ಮೇಲೆ ಅವನು ಖಾಲಿಯಿದ್ದ ಒಂದು ಮಂಚವನ್ನು ತೋರಿಸಿದ. ಅಲ್ಲಿನವನು ಕುಂದಾಪುರ ಕಡೆಯವನು, ನಿಷೇಧವಿದ್ದರೂ ಕೋಣೆಯಲ್ಲಿ ಅಡುಗೆ ಮಾಡಿದ್ದು ನಾಗೇಶನೇ ಎಂದು ಸೂಪರ್‌ವೈಸರಿಗೆ ಹೇಳಿದ್ದನಂತೆ, ಅಂದಿನಿಂದ ಇಬ್ಬರಿಗೂ ಮಾತಿಲ್ಲವಂತೆ. "ನಂದು ಸಣ್ಣ ವಿಷಯ ಅಂಕಲ್. ಆದ್ರೂ ಒಂದೇ ರೂಮಲ್ಲಿ ಮಾತಾಡದೆ ಇರುದು ಕಷ್ಟ ಉಂಟು. ಆ ಜರ್ಮನಿಯವ್ರು ಹೇಗೆ ಅಷ್ಟು ದೊಡ್ಡದನ್ನು ನುಂಗಿದ್ರು?" ಎಂದ. ನುಂಗಲಿಲ್ಲ, ಎಲ್ಲರ ಎದುರು ಬಾಯಿಬಿಟ್ಟು ಹೇಳಿದರು, ಅದಕ್ಕೇ ಆದದ್ದೇನೋ ಎಂದೆ. ಅವನು ಕೋರಿರೊಟ್ಟಿಯ ಕಟ್ಟು ಬಿಚ್ಚಿ ಎಲ್ಲರಿಗೂ ಹಂಚಿದ. ಸ್ವಲ್ಪವನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟ. ಅದು ಯಾರ ಪಾಲು ಎಂದು ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ವಿಮಾನ ಹತ್ತಿದೆ. ಮಂಗಳೂರಿನಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ವಿಮಾನ ನಿಲ್ದಾಣದ ಬೆಟ್ಟದಿಂದ ಕೆಳಗಿಳಿಯುವ ಟ್ಯಾಕ್ಸಿಯಲ್ಲಿ ಫೋನು ಆನ್ ಮಾಡಿದರೆ ಕಾತ್ರಿನ್ ಅವರ ಸಂದೇಶ ಬಂದಿತ್ತು. ಅಪ್ಪ ದಿನಾ ಸಂಜೆ ಕಾರ್ಲ್ ಅಜ್ಜನ ಬಗ್ಗೆ ಹೇಳುತ್ತಿದ್ದಾರೆ, ನಾನು ಜಗಳವಾಡುತ್ತಲೇ ಕೇಳುತ್ತಿದ್ದೇನೆ, ಮಾರ್ಚಿನಲ್ಲಿ ಅವರನ್ನು ಊರಿಗೆ ಬಿಡಲು ಹೋದಾಗ ಸ್ಮಶಾನಕ್ಕೂ ಹೋಗುತ್ತೇನೆ ಎಂದು ಬರೆದಿದ್ದರು. ವಿಲ್ಹೆಲ್ಮ್ ಸಮಾಧಿಯೂ ಕಾರ್ಲ್ ಸಮಾಧಿಯೂ ಒಂದೇ ಸಾಲಿನಲ್ಲಿವೆಯಂತೆ. ನಿಮ್ಮ ಕಡೆಯಿಂದ ಏನು ಹೇಳಲಿ ಎಂದು ಕೇಳಿದ್ದರು.

ಕೂಳೂರು ಸೇತುವೆ ದಾಟುವವರೆಗೂ ಯೋಚಿಸಿದೆ. ಫೋನಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಮಂಗಳೂರಿನಲ್ಲಿ ನಮ್ಮ ಮನೆಗಳ ಒಲೆ ಆರಲಿಲ್ಲ ಎಂದು ಹೇಳಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಕಳಿಸುವ ಮೊದಲು ಇನ್ನೊಂದು ಮಾತು ಸೇರಿಸಿದೆ: ಇಬ್ಬರಿಗೂ ಹೇಳಿ.